ಬಾಣಂತಿಗೆ ಯಾವ ಪ್ಯಾಡ್? ಮೊದಲ ವಾರಕ್ಕೆ ಒಂದು, ಆಮೇಲೆ ಇನ್ನೊಂದು

ನಮ್ಮ ನಾದಿನಿಗೆ ಈಗ ಎಂಟು ತಿಂಗಳು. ಹೆರಿಗೆಗೆ ಅಂತ ತವರಿಗೆ, ಅಂದ್ರೆ ಬೆಂಗಳೂರು ಬಸವೇಶ್ವರನಗರದ ನಮ್ಮ ಮನೆಗೆ ಬಂದಿದ್ದಾಳೆ. ಹೋದ ಭಾನುವಾರ ಮಂಚದ ಮೇಲೆ ಆಸ್ಪತ್ರೆ ಬ್ಯಾಗ್ ಹರವಿಕೊಂಡು ಕೂತಿದ್ದಳು. ಮಗುವಿನ ಟೋಪಿ, ಕಾಲುಚೀಲ, ಮೆತ್ತನೆ ಲಂಗೋಟಿ, ಫ್ಲಾಸ್ಕು, ತಾಯಿ ಕಾರ್ಡು ಎಲ್ಲ ಇತ್ತು. ಅವಳಿಗೆ ಅಂತ ಇದ್ದದ್ದು ಎರಡು ನೈಟಿ, ಮತ್ತೆ ಪ್ರತಿ ತಿಂಗಳು ಬಳಸುವ ತೆಳು ಪ್ಯಾಡಿನ ಒಂದು ಪ್ಯಾಕೆಟ್, ಅಷ್ಟೇ. "ಅತ್ತಿಗೆ, ಇಷ್ಟು ಸಾಕಲ್ವಾ?" ಅಂದಳು. ಸಾಲದು ಅಂದೆ. ಯಾಕೆ ಸಾಲದು, ಬೇರೆ ಏನು ತಗೋಬೇಕು ಅಂತ ಹೇಳುತ್ತಾ ಹೋದೆ, ಸಂಜೆಯಾಯಿತು. ಅದನ್ನೇ ಇಲ್ಲಿ ಬರೆದಿದ್ದೇನೆ. ನನಗೆ ಎರಡು ಹೆರಿಗೆ ಆಗಿದೆ, ಮೊದಲನೆಯದು ನಾರ್ಮಲ್, ಎರಡನೆಯದು ಸಿಸೇರಿಯನ್. ಮೊದಲನೆಯದಕ್ಕೆ ಮುಂಚೆ ಈ ವಿಷಯ ಯಾರೂ ನನ್ನ ಹತ್ತಿರ ಬಾಯಿಬಿಟ್ಟು ಮಾತಾಡಿರಲಿಲ್ಲ.

ಮೊದಲು ಎಷ್ಟು ದಿನ, ಎಷ್ಟು ಹೋಗುತ್ತದೆ ಅನ್ನೋದು ಗೊತ್ತಿರಬೇಕು. ಮಾಸು (ಪ್ಲಾಸೆಂಟಾ) ಕಳಚಿಕೊಂಡ ಜಾಗ ಗರ್ಭಕೋಶದ ಒಳಗೆ ಒಂದು ಹಸಿ ಗಾಯದ ಹಾಗೇ ಇರುತ್ತದೆ. ಅದು ಮಾಯುವ ತನಕ ಸ್ರಾವ ಇರುತ್ತದೆ, ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಮೊದಲ ಮೂರು ನಾಲ್ಕು ದಿನ ಕೆಂಪಗೆ, ಜಾಸ್ತಿ, ನಡುನಡುವೆ ಸಣ್ಣ ಗಡ್ಡೆಗಳೂ ಇರುತ್ತವೆ. ಆಮೇಲೆ ಸುಮಾರು ಹತ್ತು ಹನ್ನೆರಡನೇ ದಿನದವರೆಗೆ ಗುಲಾಬಿ ಅಥವಾ ಕಂದು ಬಣ್ಣಕ್ಕೆ ತಿರುಗಿ ಕಡಿಮೆಯಾಗುತ್ತದೆ. ಕೊನೆಗೆ ಹಳದಿ ಮಿಶ್ರಿತ ಬಿಳುಪು. ಸಿಸೇರಿಯನ್ ಆದವರಿಗೆ ಬ್ಲೀಡಿಂಗ್ ಇರಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ, ನಾನೂ ಅಂದುಕೊಂಡಿದ್ದೆ. ಇರುತ್ತದೆ. ಸ್ವಲ್ಪ ಕಡಿಮೆ ಇರಬಹುದು, ಆದರೆ ಅದೇ ಕ್ರಮದಲ್ಲಿ ಇರುತ್ತದೆ. ಇನ್ನೊಂದು ವಿಷಯ, ಮಗು ಹಾಲು ಕುಡಿಯುವಾಗ ಗರ್ಭಕೋಶ ಹಿಂಡಿದ ಹಾಗಾಗಿ ಒಮ್ಮೆಗೇ ಹೋಗುತ್ತದೆ. ರಾತ್ರಿಯೆಲ್ಲ ಮಲಗಿ ಬೆಳಗ್ಗೆ ಎದ್ದು ನಿಂತಾಗಲೂ ಹಾಗೇ, ಒಳಗೆ ನಿಂತಿದ್ದೆಲ್ಲ ಒಟ್ಟಿಗೆ ಇಳಿಯುತ್ತದೆ. ಎರಡೂ ಸಹಜ, ಹೆದರಬೇಡಿ. ಆದರೆ ಪ್ಯಾಡ್ ಆರಿಸುವಾಗ ಇದು ನೆನಪಿರಲಿ. ಮುಟ್ಟಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಹೋಗುತ್ತದೆ, ಇಲ್ಲಿ ಒಮ್ಮೊಮ್ಮೆ ಒಂದೇ ಸಲಕ್ಕೆ ಸುರಿಯುತ್ತದೆ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೊದಲ ಹೆರಿಗೆಯ ರಾತ್ರಿ, ಸುಮಾರು ಎರಡು ಗಂಟೆಗೆ, ಸಿಸ್ಟರ್ ಬಂದು "ಸಂಜೆಯಿಂದ ಎಷ್ಟು ಪ್ಯಾಡ್ ಬದಲಾಯಿಸಿದ್ರಿ, ಪೂರ್ತಿ ನೆನೆದಿತ್ತಾ ಅರ್ಧ ನೆನೆದಿತ್ತಾ?" ಅಂತ ಕೇಳಿದರು. ನಾನು ಚಡ್ಡಿ ಥರದ ದಪ್ಪ ಡೈಪರ್ ಹಾಕಿಕೊಂಡಿದ್ದೆ. ಸಂಜೆಯಿಂದ ಒಂದೇ. ಎಷ್ಟು ಹೋಗಿದೆ ಅಂತ ನನಗೆ ಹೇಳೋಕೆ ಆಗಲಿಲ್ಲ. ಅವರು ಅದನ್ನು ತೆಗೆಸಿ, ಕೈಯಲ್ಲಿ ಹಿಡಿದು ತೂಕ ನೋಡಿ, ಹೊಟ್ಟೆ ಒತ್ತಿ ನೋಡಿ, ಬಿಳಿ ಉದ್ದನೆ ಪ್ಯಾಡ್ ಕೊಟ್ಟು "ಬೆಳಗಾಗೋ ತನಕ ಇದನ್ನೇ ಇಟ್ಟುಕೊಳ್ಳಮ್ಮ, ನನಗೆ ಲೆಕ್ಕ ಸಿಗಬೇಕು" ಅಂದರು. ಆಗ ಅರ್ಥವಾಯಿತು. ಹೆರಿಗೆಯಾದ ಮೇಲೆ 24 ಗಂಟೆಯಲ್ಲಿ 500 ಮಿಲಿ, ಅಂದ್ರೆ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ರಕ್ತ ಹೋದರೆ ಅದನ್ನು ಅತಿಯಾದ ರಕ್ತಸ್ರಾವ ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕುತ್ತದೆ. ಮನೆಯಲ್ಲಿ ಆ 500 ಮಿಲಿಯನ್ನು ಅಳೆಯೋಕೆ ನಮ್ಮ ಹತ್ತಿರ ಏನಿದೆ? ಪ್ಯಾಡ್ ಒಂದೇ. ಅದಕ್ಕೇ ಮೊದಲ ದಿನಗಳಲ್ಲಿ ನಾನು ಪ್ಯಾಡ್ ನೋಡುವುದು ಹೀಗೆ: ಎಷ್ಟು ಹೀರುತ್ತದೆ ಅನ್ನೋದು ಆಮೇಲೆ, ಎಷ್ಟು ಹೋಯಿತು ಅಂತ ತೋರಿಸುತ್ತದಾ ಅನ್ನೋದು ಮೊದಲು.

ಈಗ ಅಂಗಡಿಗೆ ಬರೋಣ. ಮೆಟರ್ನಿಟಿ ಪ್ಯಾಡ್ ಅಂತ ಕೇಳಿದರೆ ಎರಡು ಥರ ಕೊಡುತ್ತಾರೆ. ಒಂದು, ಎರಡೂ ತುದಿಯಲ್ಲಿ ಉದ್ದ ಬಾಲ ಇರುವ, ಸೊಂಟದ ಎಲಾಸ್ಟಿಕ್ ಬೆಲ್ಟಿಗೆ ಸಿಕ್ಕಿಸುವ ಪ್ಯಾಡ್. ನರ್ಸಿಂಗ್ ಹೋಮ್‌ಗಳಲ್ಲಿ ಕೊಡುವುದು ಹೆಚ್ಚಾಗಿ ಇದೇ. ಇನ್ನೊಂದು, ಹಿಂದೆ ಅಂಟು ಇರುವ, ಉದ್ದ ಮತ್ತು ದಪ್ಪ ಜಾಸ್ತಿ ಇರುವ ಪ್ಯಾಡ್. ಇವೆರಡರ ಹೊರತಾಗಿ ನಮ್ಮ ಮಾಮೂಲಿ ಕಂಪನಿಗಳ ಎಕ್ಸ್‌ಎಕ್ಸ್‌ಎಲ್ ರಾತ್ರಿ ಪ್ಯಾಡ್ ಇದೆ, ಚಡ್ಡಿಯ ಹಾಗೆ ಏರಿಸಿಕೊಳ್ಳುವ ಪೀರಿಯಡ್ ಪ್ಯಾಂಟಿ ಮತ್ತು ಅಡಲ್ಟ್ ಡೈಪರ್ ಇವೆ, ಕೊನೆಗೆ ಬಟ್ಟೆ. ಒಳಗೆ ಇಟ್ಟುಕೊಳ್ಳುವ ಟ್ಯಾಂಪನ್, ಮುಟ್ಟಿನ ಕಪ್ (ಮೆನ್‌ಸ್ಟ್ರುಯಲ್ ಕಪ್) ಈ ಪಟ್ಟಿಯಲ್ಲೇ ಇಲ್ಲ. ಗಾಯ ಮಾಯುವ ತನಕ ಒಳಗೆ ಏನನ್ನೂ ಇಡಬಾರದು, ಸೋಂಕಾಗಬಹುದು. ಆರು ವಾರ ಕಳೆದು ಡಾಕ್ಟರ್ ನೋಡಿ ಸರಿ ಅಂದ ಮೇಲೆ ಯೋಚಿಸಿ.

ನಾದಿನಿ ಜೊತೆ ಒಂದು ಕೆಲಸ ಮಾಡಿದೆ. ಬೆಲ್ಟ್ ಪ್ಯಾಡು, ಅಂಟಿನ ದಪ್ಪ ಪ್ಯಾಡು, ಅವಳ ಎಕ್ಸ್‌ಎಲ್ ತೆಳು ಪ್ಯಾಡು, ಮೂರನ್ನೂ ಯುಟಿಲಿಟಿಯ ಕಲ್ಲಿನ ಮೇಲೆ ಪಕ್ಕಪಕ್ಕ ಇಟ್ಟು ಒಂದೊಂದಕ್ಕೂ ಅರ್ಧ ಕಾಫಿ ಲೋಟದಷ್ಟು ನೀರು ಒಂದೇ ಸಲ ಸುರಿದೆವು. ತೆಳು ಪ್ಯಾಡ್ ಮಧ್ಯದಲ್ಲಿ ಉಬ್ಬಿ ನಿಂತಿತು, ಮೇಲೆ ಪೇಪರ್ ಒತ್ತಿದರೆ ಹೆಚ್ಚುಕಡಿಮೆ ಒಣಗೇ ಇತ್ತು. ಕತ್ತರಿಸಿ ನೋಡಿದರೆ ಒಳಗೆ ಸಬ್ಬಕ್ಕಿ ಪಾಯಸದ ಹಾಗೆ ಜೆಲ್. ಬೆಲ್ಟ್ ಪ್ಯಾಡಿನಲ್ಲಿ ನೀರು ತುದಿಯಿಂದ ತುದಿಗೆ ಹರಡಿತು, ಮೇಲ್ಭಾಗ ತೇವ ಇತ್ತು. ಅಂಟಿನ ದಪ್ಪ ಪ್ಯಾಡು ಇವೆರಡರ ಮಧ್ಯೆ. "ಹಾಗಾದ್ರೆ ನಂದೇ ಗೆದ್ದಿತಲ್ಲ" ಅಂದಳು. ನೀರಿನಲ್ಲಿ ಗೆದ್ದಿದೆ, ನಿಜ. ಆದರೆ ರಕ್ತ ನೀರಲ್ಲ. ಜೆಲ್ ಬರೀ ನೀರನ್ನು ಹೀರುವಷ್ಟು ಉಪ್ಪಿನಂಶ ಇರುವ ರಕ್ತವನ್ನು ಹೀರುವುದಿಲ್ಲ. ಮೇಲಾಗಿ ರಕ್ತ ಗಟ್ಟಿ, ಅದರಲ್ಲಿ ಗಡ್ಡೆ ಬೇರೆ. ಒಮ್ಮೆಗೇ ಬಂದಾಗ ಇಳಿಯೋಕೆ ಸಮಯ ಸಿಗದೆ ತೆಳು ಪ್ಯಾಡಿನ ಅಂಚಿಗೆ ಹರಿದುಬಿಡುತ್ತದೆ. ದಪ್ಪ ಪ್ಯಾಡು ಅಗಲ ಇರುವುದರಿಂದ ಅದು ಹರಿಯೋಕೆ ಮುಂಚೆ ಹಿಡಿದುಕೊಳ್ಳುತ್ತದೆ.

ಇನ್ನೂ ದೊಡ್ಡ ಕಾರಣ ಹೊಲಿಗೆ. ನಾರ್ಮಲ್ ಹೆರಿಗೆಯಲ್ಲಿ ಮಗು ಹೊರಬರುವ ದಾರಿ ಅಗಲ ಮಾಡೋಕೆ ಕತ್ತರಿ ಹಾಕಿದರೆ ಸಾಮಾನ್ಯವಾಗಿ ಬಲಗಡೆಗೆ ಓರೆಯಾಗಿ ಹಾಕುತ್ತಾರೆ. ಹೊಲಿಗೆ ಸರಿಯಾಗಿ ತೊಡೆಯ ಸಂದಿನ ಹತ್ತಿರ ಬರುತ್ತದೆ. ಮುಟ್ಟಿನ ಪ್ಯಾಡಿನ ರೆಕ್ಕೆ ಮಡಚುವುದೂ ಅಲ್ಲಿಯೇ. ನಡೆದಾಗಲೆಲ್ಲ ಆ ರೆಕ್ಕೆಯ ಅಂಚು ಹೊಲಿಗೆಗೆ ಉಜ್ಜುತ್ತದೆ. ನನಗೆ ನಾಲ್ಕನೇ ದಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ದಪ್ಪ ಪ್ಯಾಡ್ ಮುಗಿದು ಮಾಮೂಲಿ ಪ್ಯಾಡ್ ಹಾಕಿಕೊಂಡಿದ್ದೆ, ಮೇಲೆ ಪ್ಲಾಸ್ಟಿಕ್ ಜಾಲರಿ ಇರುವಂಥದ್ದು. ಸಂಜೆ ಅದನ್ನು ತೆಗೆಯುವಾಗ ಹೊಲಿಗೆಯ ದಾರದ ತುದಿ ಆ ಜಾಲರಿಗೆ ಅಂಟಿಕೊಂಡಿತ್ತು. ಬೆಚ್ಚಗಿನ ನೀರು ಹಾಕಿ ಹಾಕಿ ಬಿಡಿಸಿಕೊಂಡೆ, ಕಣ್ಣಲ್ಲಿ ನೀರು ಬಂದಿತ್ತು. ಆದ್ದರಿಂದ ಹೊಲಿಗೆ ಇರುವ ತನಕ ಮೇಲ್ಪದರ ಹತ್ತಿಯ ಹಾಗೆ ಮೆತ್ತಗಿರಬೇಕು, ಜಾಲರಿ ಬೇಡ, ರೆಕ್ಕೆ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಸುವಾಸನೆ ಇರುವುದಂತೂ ಬೇಡವೇ ಬೇಡ. ಅದರಿಂದ ಉರಿ ಬರಬಹುದು. ಅದಕ್ಕಿಂತ ಮುಖ್ಯವಾಗಿ, ಕೆಟ್ಟ ವಾಸನೆ ಬಂದರೆ ಅದು ಸೋಂಕಿನ ಸೂಚನೆ, ಅದು ನಿಮಗೆ ಗೊತ್ತಾಗಲೇಬೇಕು.

ಬೆಲ್ಟ್ ಪ್ಯಾಡಾ, ಅಂಟಿನ ಪ್ಯಾಡಾ? ಮೊದಲ ದಿನಕ್ಕೆ ಬೆಲ್ಟಿನದು ಅಥವಾ ಬೆಲ್ಟೇ ಇಲ್ಲದೆ ಸುಮ್ನೆ ಇಟ್ಟುಕೊಳ್ಳುವುದು ಅನುಕೂಲ. ಹೆರಿಗೆಯಾದ ಕೆಲವು ಗಂಟೆ ಸಿಸ್ಟರ್ ಪದೇ ಪದೇ ಬಂದು ನೋಡುತ್ತಿರುತ್ತಾರೆ, ಒಳಉಡುಪು ಹಾಕಿಕೊಳ್ಳುವ ಪ್ರಶ್ನೆಯೇ ಇಲ್ಲ. ಸಿಸೇರಿಯನ್ ಆದವರಿಗಂತೂ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದ ಕಾಲು ಮರಗಟ್ಟಿರುತ್ತದೆ, ಮೂತ್ರದ ಪೈಪ್ ಹಾಕಿರುತ್ತಾರೆ. ಮಲಗಿದ್ದಲ್ಲೇ ಅಮ್ಮನೋ ಆಯಾನೋ ಬದಲಾಯಿಸಬೇಕು. ಏರಿಸಿ ಹಾಕುವ ಯಾವುದೂ ಆಗ ನಡೆಯುವುದಿಲ್ಲ. ಆದರೆ ಎದ್ದು ಓಡಾಡೋಕೆ ಶುರು ಮಾಡಿದ ಮೇಲೆ ಬೆಲ್ಟ್ ಪ್ಯಾಡ್ ಹಿಂದೆ ಮುಂದೆ ಜರುಗುತ್ತದೆ, ಶೌಚಾಲಯಕ್ಕೆ ಹೋದಾಗ ಒಂದು ಕೈಯಲ್ಲಿ ಬೆಲ್ಟ್ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ನೀರು ಹಾಕಿಕೊಳ್ಳುವುದು ಕಷ್ಟ. ಆಗ ಅಂಟಿನ ದಪ್ಪ ಪ್ಯಾಡಿಗೆ ಬನ್ನಿ. ಅದಕ್ಕೆ ಹೊಟ್ಟೆ ಮೇಲೆ ತನಕ ಬರುವ, ಅಗಲವಾದ, ಹಳೆ ಕಾಲದ ಹತ್ತಿ ಒಳಉಡುಪು ಬೇಕು, ನಿಮ್ಮ ಮಾಮೂಲಿ ಸೈಜಿಗಿಂತ ಒಂದು ಸೈಜು ದೊಡ್ಡದು. ಗಾಂಧಿ ಬಜಾರಿನಲ್ಲೋ ಮಲ್ಲೇಶ್ವರ 8ನೇ ಅಡ್ಡರಸ್ತೆಯಲ್ಲೋ ಆರು ತಗೊಂಡು ಒಗೆದು ಇಟ್ಟುಕೊಳ್ಳಿ. ಸಿಸೇರಿಯನ್ ಗಾಯ ಕೆಳಹೊಟ್ಟೆಯಲ್ಲಿ ಅಡ್ಡಕ್ಕೆ ಇರುತ್ತದೆ, ಸಣ್ಣ ಚಡ್ಡಿಯ ಎಲಾಸ್ಟಿಕ್ ಸರಿಯಾಗಿ ಅದರ ಮೇಲೆ ಕೂರುತ್ತದೆ. ಎಷ್ಟು ಒಳ್ಳೆ ಪ್ಯಾಡ್ ಇದ್ದರೂ ಆ ಎಲಾಸ್ಟಿಕ್ ಒಂದೇ ಸಾಕು ದಿನವೆಲ್ಲ ನೋಯೋಕೆ.

ಚಡ್ಡಿ ಥರದ್ದನ್ನು ನಾನು ಪೂರ್ತಿ ಬೇಡ ಅನ್ನುವುದಿಲ್ಲ. ಎರಡನೇ ಸಲ ನನಗೆ ಬಹಳ ಉಪಯೋಗವಾಯಿತು, ಮೂರನೇ ದಿನದ ನಂತರ, ಅದೂ ರಾತ್ರಿ ಹೊತ್ತು. ಜರುಗುವುದಿಲ್ಲ, ಎಲಾಸ್ಟಿಕ್ ಹೊಕ್ಕುಳ ಹತ್ತಿರ ಕೂರುವುದರಿಂದ ಗಾಯಕ್ಕೆ ತಾಗುವುದಿಲ್ಲ, ಮಗುವನ್ನು ಎತ್ತಿಕೊಳ್ಳಲು ಏಳುವಾಗ ಹಾಸಿಗೆ ಕಲೆಯಾಗುವ ಚಿಂತೆ ಇಲ್ಲ. ಆಸ್ಪತ್ರೆಯಿಂದ ಮನೆಗೆ ಬರುವ ದಿನ, ಹಳ್ಳದಿಣ್ಣೆಯ ರಸ್ತೆಯಲ್ಲಿ ಒಂದು ಗಂಟೆ ಟ್ರಾಫಿಕ್ಕಿನಲ್ಲಿ ಕೂರಬೇಕಾದಾಗಲೂ ಅದೇ ವಾಸಿ. ಆದರೆ ಎರಡು ತೊಂದರೆ. ಒಂದು ಆಗಲೇ ಹೇಳಿದ್ದು, ಎಷ್ಟು ಹೋಯಿತು ಅಂತ ಗೊತ್ತಾಗಲ್ಲ. ಇನ್ನೊಂದು ಸೆಕೆ. ನಮ್ಮಲ್ಲಿ ಬಾಣಂತಿ ಕೋಣೆ ಹೇಗಿರುತ್ತದೆ ಗೊತ್ತಲ್ಲ, ಕಿಟಕಿ ಮುಚ್ಚಿ, ಫ್ಯಾನ್ ಹಾಕದೆ, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಸಾಂಬ್ರಾಣಿ ಹೊಗೆ. ಆ ಬೆವರಿನಲ್ಲಿ ಸುತ್ತ ಪ್ಲಾಸ್ಟಿಕ್ ಪದರ ಇರುವ ಡೈಪರನ್ನು ಆರೇಳು ಗಂಟೆ ಹಾಕಿಕೊಂಡರೆ ತೊಡೆ ಸಂದಿಯೆಲ್ಲ ಕೆಂಪಾಗಿ ಗುಳ್ಳೆ ಏಳುತ್ತದೆ. ಹೀರುವ ಶಕ್ತಿ ಎಷ್ಟೇ ಇರಲಿ, ಮೂರು ನಾಲ್ಕು ಗಂಟೆಗೊಮ್ಮೆ ಬದಲಾಯಿಸಲೇಬೇಕು. ಪ್ರತಿ ಸಲ ಕೈ ತೊಳೆದು, ಬೆಚ್ಚಗಿನ ನೀರಿನಿಂದ ಮುಂದಿನಿಂದ ಹಿಂದಕ್ಕೆ ತೊಳೆದು, ಮೆತ್ತನೆ ಬಟ್ಟೆ ಒತ್ತಿ ಒಣಗಿಸಿಕೊಂಡು ಹೊಸದು ಹಾಕಿಕೊಳ್ಳಿ. ಪೌಡರ್ ಹಾಕಬೇಡಿ.

ಬಟ್ಟೆಯ ವಿಷಯ ಬಂದಾಗ ನಮ್ಮತ್ತೆ ಮಧ್ಯೆ ಬಂದರು. "ನಾನು ಮೂರು ಹೆತ್ತಿದೀನಿ, ಒಂದು ಪ್ಯಾಕೆಟ್ಟೂ ತಂದಿಲ್ಲ, ಮಾವನ ಹಳೆ ಪಂಚೆ ಸಾಕಾಯ್ತು" ಅಂದರು. ಅವರು ಹೇಳಿದ್ದು ನಿಜ, ನೂರು ಸಲ ಒಗೆದ ಹತ್ತಿ ಪಂಚೆಯಷ್ಟು ಮೆತ್ತನೆ ಪ್ಯಾಡನ್ನು ಯಾವ ಕಂಪನಿಯೂ ಮಾಡಿಲ್ಲ. ಲೆಕ್ಕವೂ ಸಿಗುತ್ತದೆ, ಉರಿಯೂ ಇಲ್ಲ, ಖರ್ಚೂ ಇಲ್ಲ. ಆದರೆ ಒಗೆಯುವವರು ಯಾರು? ಬಾಣಂತಿ ಬಗ್ಗಿ ಒಗೆಯುವ ಹಾಗಿಲ್ಲ. ಮೊದಲು ತಣ್ಣೀರಿನಲ್ಲಿ ನೆನೆಸಿ, ಏಕೆಂದರೆ ಬಿಸಿನೀರು ಹಾಕಿದರೆ ಕಲೆ ಕೂತುಬಿಡುತ್ತದೆ, ಸೋಪು ಹಾಕಿ ಉಜ್ಜಿ, ಚೆನ್ನಾಗಿ ಜಾಲಿಸಿ, ಬಿಸಿಲಿನಲ್ಲಿ ಗರಿಗರಿಯಾಗಿ ಒಣಗಿಸಬೇಕು. ಅತ್ತೆಗೆ ಮಾಳಿಗೆ ಇತ್ತು, ತಂತಿ ಇತ್ತು, ಬಿಸಿಲಿತ್ತು. ಈಗಿನ ಫ್ಲಾಟಿನ ಯುಟಿಲಿಟಿಯಲ್ಲಿ ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಂದರೆ ಪುಣ್ಯ. ಬೆಂಗಳೂರಿನ ಜುಲೈ ಆಗಸ್ಟ್ ಜಿಟಿಜಿಟಿ ಮಳೆಯಲ್ಲಿ ಅದೂ ಇಲ್ಲ. ಅರ್ಧ ಒಣಗಿದ ಬಟ್ಟೆ, ನಾಚಿಕೆಗೆ ಅಂತ ಸೀರೆ ಅಡಿಯಲ್ಲಿ ಮುಚ್ಚಿ ಒಣಗಿಸಿದ ಬಟ್ಟೆ, ಇವು ಹಸಿ ಗಾಯದ ಹತ್ತಿರ ಹೋಗಬಾರದು. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುವ ಕಡೆ ಇನ್ನೊಂದು ಕಷ್ಟ, ಗಡಸು ನೀರಿನಲ್ಲಿ ಒಗೆದ ಬಟ್ಟೆ ಹಪ್ಪಳದ ಹಾಗೆ ಬಿರುಸಾಗುತ್ತದೆ.

ಹಾಗಾಗಿ ನಾನು ಬಟ್ಟೆಯನ್ನು ಮೂರನೇ ವಾರಕ್ಕೆ ಇಡುತ್ತೇನೆ. ಆ ಹೊತ್ತಿಗೆ ಹೋಗುವುದು ಕಡಿಮೆ, ದಿನಕ್ಕೆ ಮೂರು ನಾಲ್ಕು ಸಾಕು, ಒಗೆಯುವುದೂ ಸುಲಭ. ಹೊಲಿದ ಬಟ್ಟೆ ಪ್ಯಾಡ್ ಬೇಕಾದರೆ ಆರೋವಿಲ್ಲಿನ ಇಕೋ ಫೆಮ್‌ನಂಥವು ಸಿಗುತ್ತವೆ, ಗುಂಡಿ ಇರುವುದರಿಂದ ಜರುಗುವುದಿಲ್ಲ. ಮತ್ತೆ ಬಳಸುವ ಪ್ಯಾಡಿಗೆ ಐಎಸ್ 17514 ಅಂತ, ಬಿಸಾಡುವ ಪ್ಯಾಡಿಗೆ ಐಎಸ್ 5405 ಅಂತ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಮಾನದಂಡಗಳಿವೆ. ಪ್ಯಾಕೆಟ್ ಹಿಂದೆ ಒಮ್ಮೆ ಕಣ್ಣಾಡಿಸಿ.

ಲೆಕ್ಕ ಹಾಕೋಣ. ಮೊದಲ ಮೂರು ದಿನ ಮೂರು ಗಂಟೆಗೊಂದು ಅಂದರೆ ದಿನಕ್ಕೆ 8, ಒಟ್ಟು 24 ದಪ್ಪ ಪ್ಯಾಡ್. ಮುಂದಿನ ಏಳು ದಿನ ದಿನಕ್ಕೆ ಆರರಂತೆ 42, ಇದರಲ್ಲಿ ಅರ್ಧ ದಪ್ಪದ್ದು, ಅರ್ಧ ಎಕ್ಸ್‌ಎಕ್ಸ್‌ಎಲ್. ಆಮೇಲೆ ಉಳಿದ ಒಂದು ತಿಂಗಳಿಗೆ ದಿನಕ್ಕೆ ಮೂರು ನಾಲ್ಕು ಮಾಮೂಲಿ ಪ್ಯಾಡ್ ಅಥವಾ ಬಟ್ಟೆ ಸಾಕು. ಕೊನೆಕೊನೆಗೆ ಪ್ಯಾಂಟಿ ಲೈನರ್ ನಡೆಯುತ್ತದೆ. ಆದರೆ ಎಲ್ಲವನ್ನೂ ಮೊದಲೇ ತಂದು ಗುಡ್ಡೆ ಹಾಕಬೇಡಿ. ಯಾವುದು ಒಗ್ಗುತ್ತದೆ ಅಂತ ಹಾಕಿಕೊಂಡ ಮೇಲೇ ತಿಳಿಯುವುದು, ಇದು ಬೆಂಗಳೂರು, ಹತ್ತು ಹದಿನೈದು ನಿಮಿಷದಲ್ಲಿ ಮನೆ ಬಾಗಿಲಿಗೆ ತಂದುಕೊಡುತ್ತಾರೆ. ಮೆಟರ್ನಿಟಿ ಪ್ಯಾಡ್ ಮಾತ್ರ ಎಲ್ಲ ಮೆಡಿಕಲ್ ಶಾಪಿನಲ್ಲೂ ಇರುವುದಿಲ್ಲ, ಆದ್ದರಿಂದ ಮೊದಲ ವಾರದ್ದನ್ನು ಎಂಟನೇ ತಿಂಗಳಲ್ಲೇ ತಂದಿಡಿ. ದೊಡ್ಡ ಆಸ್ಪತ್ರೆಗಳ ಎದುರಿನ ಸರ್ಜಿಕಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬೆಲೆ ನೋಡುವಾಗ ಪ್ಯಾಕೆಟ್ಟಿನ ಬೆಲೆ ನೋಡಬೇಡಿ, ಒಳಗೆ ಎಷ್ಟಿದೆ ಅಂತ ಭಾಗಿಸಿ ಒಂದಕ್ಕೆ ಎಷ್ಟಾಯಿತು ಅಂತ ನೋಡಿ. ಕೈ ಬಿಗಿ ಇದ್ದರೆ ದಪ್ಪ ಪ್ಯಾಡಿಗೆ ಮೊದಲ ಮೂರ್ನಾಲ್ಕು ದಿನ ಖರ್ಚು ಮಾಡಿ, ಆಮೇಲೆ ಜನೌಷಧಿ ಅಂಗಡಿಯ ಸುವಿಧಾ ಪ್ಯಾಡ್ ತಗೊಳ್ಳಿ. 2019ರ ಆಗಸ್ಟಿನಿಂದ ಅದು ಒಂದಕ್ಕೆ 1 ರೂಪಾಯಿ.

ಇನ್ನೊಂದು ಸಾಮಾನು ಬಹಳ ಜನ ಮರೆಯುತ್ತಾರೆ, ಹಾಸಿಗೆ ಮೇಲೆ ಹಾಸುವ ಅಂಡರ್‌ಪ್ಯಾಡ್. 60 ಕ್ಕೆ 90 ಸೆಂಟಿಮೀಟರ್ ಇರುವಂಥದ್ದು ಹತ್ತು ಇಟ್ಟುಕೊಳ್ಳಿ. ಅದೊಂದು ಕೆಳಗಿದ್ದರೆ ರಾತ್ರಿ ಡೈಪರ್ ಬೇಡ, ಮೆತ್ತನೆ ಪ್ಯಾಡಿನಲ್ಲೇ ನಿಶ್ಚಿಂತೆಯಿಂದ ಮಲಗಬಹುದು. ಹೊಲಿಗೆಗೂ ಸ್ವಲ್ಪ ಗಾಳಿ ಆಡುತ್ತದೆ.

ಇದನ್ನು ಮಾತ್ರ ಬಾಣಂತಿ ಜೊತೆ ಇರುವವರೂ ಓದಿಕೊಳ್ಳಿ. ದಪ್ಪ ಪ್ಯಾಡು ಒಂದು ಗಂಟೆಯೊಳಗೆ ಪೂರ್ತಿ ನೆನೆದು, ಮುಂದಿನದೂ ಹಾಗೇ ಆದರೆ, ನಿಂಬೆಹಣ್ಣಿಗಿಂತ ದೊಡ್ಡ ಗಡ್ಡೆ ಹೋದರೆ, ತಲೆಸುತ್ತು, ಎದೆ ಡವಡವ, ಮೈ ತಣ್ಣಗಾಗಿ ಬೆವರುವುದು ಇದ್ದರೆ ಕಾಯಬೇಡಿ. ಆಸ್ಪತ್ರೆಗೆ ಹೊರಡಿ, ಗಾಡಿ ಇಲ್ಲದಿದ್ದರೆ 108. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಜಾಸ್ತಿ ಜ್ವರ, ಕೆಟ್ಟ ವಾಸನೆ, ಕಡಿಮೆಯಾಗಿದ್ದು ಮತ್ತೆ ಕೆಂಪಗೆ ಜೋರಾಗಿ ಶುರುವಾಗುವುದು, ಇವಕ್ಕೂ ಅದೇ ದಿನ ಡಾಕ್ಟರಿಗೆ ತೋರಿಸಿ. ಹೆರಿಗೆಯಾಗಿ ಹತ್ತು ದಿನ, ಇಪ್ಪತ್ತು ದಿನ ಆದ ಮೇಲೂ ಹೀಗಾಗಬಹುದು. "ಬಾಣಂತಿಗೆ ಕೆಟ್ಟ ರಕ್ತ ಹೋಗಲೇಬೇಕು, ಹೋಗಲಿ ಬಿಡು" ಅಂತ ಮನೆಯಲ್ಲಿ ಯಾರಾದರೂ ಅಂದರೆ ಅವರಿಗೆ ಆ ಪ್ಯಾಡನ್ನೇ ತೋರಿಸಿ. ಅನುಮಾನ ಬಂದರೆ ಬಿಸಾಡಬೇಡಿ, ಒಂದು ಕವರಿನಲ್ಲಿ ಇಟ್ಟು ಸಿಸ್ಟರಿಗೆ ತೋರಿಸಿ. ಅವರು ನೋಡಿದ ಕೂಡಲೇ ಹೇಳುತ್ತಾರೆ.

ಬಿಸಾಡುವುದು ಹೇಗೆ ಅಂತಲೂ ಮೊದಲೇ ಯೋಚಿಸಿ. ದಿನಕ್ಕೆ ಎಂಟು ಪ್ಯಾಡು, ಮಗುವಿನ ಡೈಪರ್ ಬೇರೆ. ಕಮೋಡಿಗೆ ಹಾಕಬೇಡಿ, ಪೈಪ್ ಕಟ್ಟಿಕೊಳ್ಳುತ್ತದೆ. ಬೆಂಗಳೂರಿನಲ್ಲಿ ಎರಡು ಡಬ್ಬ, ಒಂದು ಚೀಲ ಅನ್ನುವ ಕ್ರಮ ಇದೆ, 2015ರ ಡಿಸೆಂಬರಿನಲ್ಲಿ ಹೈಕೋರ್ಟೇ ಆದೇಶ ಮಾಡಿದ್ದು. ಹಸಿ ಕಸಕ್ಕೆ ಹಸಿರು ಡಬ್ಬ, ಪ್ಯಾಡು ಡೈಪರಿಗೆ ಕೆಂಪು ಡಬ್ಬ, ಒಣ ಕಸಕ್ಕೆ ಚೀಲ. ಪ್ಯಾಡನ್ನು ಪೇಪರಿನಲ್ಲಿ ಸುತ್ತಿ ಮೇಲೆ ಕೆಂಪು ಗುರುತು ಹಾಕಬೇಕು. ಬೆಳಗ್ಗೆ ಗಾಡಿ ತರುವ ಆ ಹೆಂಗಸರು ಕಸವನ್ನು ಕೈಯಿಂದಲೇ ಬೇರೆ ಮಾಡುತ್ತಾರೆ. ಗುರುತು ಇದ್ದರೆ ಅವರು ಬಿಚ್ಚಿ ನೋಡಬೇಕಾಗುವುದಿಲ್ಲ. ನಿದ್ದೆಗೆಟ್ಟ ಬಾಣಂತಿಗೆ ಇಷ್ಟೆಲ್ಲ ಮಾಡೋಕೆ ಆಗಲ್ಲ, ಆದ್ದರಿಂದ ಇದನ್ನು ಮನೆಯ ಗಂಡಸರಿಗೆ ವಹಿಸಿ.

ಸಂಜೆ ನಾದಿನಿಯ ಬ್ಯಾಗಿನಲ್ಲಿ ಏನೇನು ಸೇರಿತು ಅಂದರೆ, ಬೆಲ್ಟಿನ ಪ್ಯಾಡ್ ಹತ್ತು, ಅಂಟಿನ ದಪ್ಪ ಪ್ಯಾಡ್ ಇಪ್ಪತ್ತು, ಮನೆಗೆ ಬರುವ ದಿನಕ್ಕೆ ಅಂತ ಚಡ್ಡಿ ಥರದ್ದು ಎರಡು, ಅಂಡರ್‌ಪ್ಯಾಡ್ ಐದು, ದೊಡ್ಡ ಸೈಜಿನ ಒಳಉಡುಪು ನಾಲ್ಕು. ಅತ್ತೆಯ ಪಂಚೆ ತುಂಡುಗಳು ಒಗೆದು ಮಡಚಿ ಬೀರುವಿನಲ್ಲಿವೆ, ಮೂರನೇ ವಾರಕ್ಕೆ. ಮಾವ ಮಾತಿಲ್ಲದೆ ಎದ್ದು ಹೋಗಿ ಹಳೆ ಪೇಪರಿನ ಕಟ್ಟು ತಂದರು. ಹಾಲ್‌ನಲ್ಲಿ ಕೂತು ಒಂದೊಂದು ಹಾಳೆಯನ್ನೂ ನಾಲ್ಕಾಗಿ ಹರಿದು, ಮೊಮ್ಮಗನ ಕೆಂಪು ಸ್ಕೆಚ್ ಪೆನ್ನಿನಿಂದ ಮಧ್ಯದಲ್ಲಿ ಗುರುತು ಹಾಕಿ ಜೋಡಿಸಿಟ್ಟರು. ಎಣಿಸಿದೆ, ಅರವತ್ತು ಇತ್ತು.